ಬಸುರಿಗೆ ಫಂಗಸ್ ಸೋಂಕು: ಮದ್ದು ನಿಲ್ಲಿಸಬೇಡಿ, ಸಿಕ್ಕಿದ್ದನ್ನು ನುಂಗಬೇಡಿ

ಸಂಪಾದಕರಿಗೆ,

ಮಾನ್ಯರೇ,

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಒಗೆದ ಬಟ್ಟೆ ಸರಿಯಾಗಿ ಒಣಗುವುದಿಲ್ಲ. ಹಸಿ ಬಟ್ಟೆಯಲ್ಲೇ ತೋಟದ ಕೆಲಸಕ್ಕೆ ಹೋಗುವ ಹೆಂಗಸರಲ್ಲಿ ಬಸುರಿಯರೂ ಇರುತ್ತಾರೆ. ತೊಡೆಸಂದಿನ ಹುಳುಕಡ್ಡಿ, ತುರಿಕೆ, ಬಿಳಿ ಸೆರಗು ಎಂದು ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಫ್ಲುಕೊನಜೋಲ್ ಅಥವಾ ಇಟ್ರಾಕೊನಜೋಲ್ ಮಾತ್ರೆ, ಜೊತೆಗೆ ಸ್ಟೀರಾಯ್ಡ್ ಬೆರೆತ ಟ್ಯೂಬು ಕೈಗೆ ಬರುತ್ತದೆ. ಬಸುರಿಯೇ ಎಂದು ಯಾರೂ ಕೇಳುವುದಿಲ್ಲ. ಅದೇ, ಜೀವಕ್ಕೇ ಕುತ್ತಾಗುವ ಫಂಗಸ್ ಸೋಂಕು ತಗಲಿದಾಗ ‘ಹೊಟ್ಟೆಯಲ್ಲಿ ಮಗುವಿದೆ, ಹೆರಿಗೆ ಆಗಲಿ, ಆಮೇಲೆ ನೋಡೋಣ’ ಎಂದು ಮನೆಯವರು ಚಿಕಿತ್ಸೆಗೇ ಹಿಂಜರಿಯುತ್ತಾರೆ. ಎರಡರಿಂದಲೂ ತಾಯಿ, ಮಗು ಇಬ್ಬರಿಗೂ ಕೇಡು.

ಗಂಭೀರ ಸೋಂಕನ್ನು ಮೊದಲು ಗುರುತಿಸಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದ ಬಸುರಿಗೆ ಮುಖದ ಒಂದೇ ಬದಿ ಊದಿದರೆ, ಕೆನ್ನೆ ಮರಗಟ್ಟಿದರೆ, ಮೂಗಿನಿಂದ ಕಪ್ಪು ಸಿಂಬಳ ಬಂದರೆ, ಹಲ್ಲು ಅಲುಗಾಡಿದರೆ, ಕಣ್ಣುರೆಪ್ಪೆ ಜೋತರೆ ಅದನ್ನು ಕಪ್ಪು ಶಿಲೀಂಧ್ರವೆಂದೇ ಶಂಕಿಸಿ ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಬೇಕು. ಅಲ್ಲಿ ಔಷಧಿಯಷ್ಟೇ ಸಾಲದು, ಸತ್ತ ಭಾಗವನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ. ಎಚ್‌ಐವಿ ಇರುವವರಲ್ಲಿ, ಬಹಳ ದಿನ ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ ವಾರ ಕಳೆದರೂ ಬಿಡದ ಜ್ವರ, ತಲೆನೋವು, ವಾಂತಿ ಇದ್ದರೆ ಕ್ರಿಪ್ಟೊಕಾಕಸ್ ಎಂಬ ಫಂಗಸ್‌ನಿಂದಾದ ಮೆದುಳುಪೊರೆ ಜ್ವರ ಇರಬಹುದು. ಬಸುರಿನ ವಾಂತಿ ಎಂದೋ ಟಿಬಿ ಎಂದೋ ದಿನ ತಳ್ಳುವುದು ಇಲ್ಲಿಯೇ. ಬೆನ್ನುಹುರಿ ನೀರಿನ ಪರೀಕ್ಷೆ, ಕ್ರಿಪ್ಟೊಕಾಕಲ್ ಆಂಟಿಜೆನ್ ಪರೀಕ್ಷೆ ಎರಡನ್ನೂ ಬಸುರಿಯಲ್ಲಿ ಮಾಡಬಹುದು.

ಇಂಥ ಸೋಂಕುಗಳಿಗೆ ಬಸುರಿಯಲ್ಲಿ ಮೊದಲ ಆಯ್ಕೆ ಆಂಫೊಟೆರಿಸಿನ್ ಬಿ ಇಂಜೆಕ್ಷನ್. ದಶಕಗಳಿಂದ ಬಳಕೆಯಲ್ಲಿರುವ ಈ ಔಷಧಿಯಿಂದ ಭ್ರೂಣದ ಅಂಗಗಳು ವಿಕಾರವಾದದ್ದು ಕಂಡುಬಂದಿಲ್ಲ. ಆದರೆ ಇದನ್ನು ಕೊಡುವಾಗ ಮೈಯೆಲ್ಲ ಕಣ್ಣಾಗಿರಬೇಕು. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಹಳೆಯ, ಸಾಮಾನ್ಯ ಬಗೆಯನ್ನು ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.7ರಿಂದ 1 ಮಿಲಿಗ್ರಾಂ ಕೊಡುತ್ತಾರೆ; ಯಾವ ಕಾರಣಕ್ಕೂ 1.5 ದಾಟಬಾರದು. ಔಷಧಿಯನ್ನು ಕೊಬ್ಬಿನ ಸೂಕ್ಷ್ಮ ಕಣಗಳಲ್ಲಿ ಸೇರಿಸಿದ ಲೈಪೊಸೋಮಲ್ ಬಗೆಯದು 3ರಿಂದ 5 ಮಿಲಿಗ್ರಾಂ, ಕಪ್ಪು ಶಿಲೀಂಧ್ರಕ್ಕೆ 5ರಿಂದ 10. 55 ಕಿಲೋ ತೂಕದ ಬಸುರಿಗೆ 5ರ ಲೆಕ್ಕದಲ್ಲಿ 275 ಮಿಲಿಗ್ರಾಂ, ಅಂದರೆ 50 ಮಿಲಿಗ್ರಾಂನ ಆರು ವಯಲ್ (ಔಷಧಿ ಸೀಸೆ) ತೆರೆಯಬೇಕು. ಅದೇ 275 ಮಿಲಿಗ್ರಾಂ ಸಾಮಾನ್ಯ ಬಗೆಯದ್ದು ಮೈಗೆ ಹೋದರೆ ಹೃದಯವೇ ನಿಲ್ಲಬಹುದು. ಚೀಟಿಯಲ್ಲಿ ‘ಆಂಫೊಟೆರಿಸಿನ್’ ಎಂದಷ್ಟೇ ಬರೆದಿದ್ದರೆ ನರ್ಸ್ ಅದನ್ನು ವೈದ್ಯರಿಗೆ ಹಿಂದಿರುಗಿಸಿ ಯಾವ ಬಗೆಯೆಂದು ಬರೆಸಿಕೊಳ್ಳಲಿ.

ಔಷಧಿಯನ್ನು 5% ಡೆಕ್ಸ್‌ಟ್ರೋಸ್ (ಗ್ಲೂಕೋಸ್) ದ್ರಾವಣದಲ್ಲೇ ಬೆರೆಸಬೇಕು. ಸಲೈನ್ ತಾಗಿದರೆ ಗಟ್ಟಿ ಕಟ್ಟುತ್ತದೆ. ಮೂತ್ರಪಿಂಡ ಕಾಪಾಡಲು ಮೊದಲು 500 ಮಿಲಿಲೀಟರ್ ಸಲೈನ್ ಕೊಡುವುದುಂಟು, ಆಗ ಅದೇ ನಳಿಕೆಯನ್ನು ಡೆಕ್ಸ್‌ಟ್ರೋಸ್‌ನಿಂದ ತೊಳೆದ ಮೇಲೆಯೇ ಔಷಧಿ ಹರಿಸಬೇಕು. ರಕ್ತದೊತ್ತಡ ಏರಿದ ಬಸುರಿಗೆ ಇಷ್ಟು ನೀರು ಕೊಡುವ ಮುನ್ನ ಯೋಚಿಸಬೇಕು. ಈ ಔಷಧಿಯಿಂದ ಬರುವ ಚಳಿ ನಡುಕಕ್ಕೆ ಮೊದಲೇ ಪ್ಯಾರಾಸಿಟಮಾಲ್ ಸಾಕು. ಐದು ತಿಂಗಳ ನಂತರ ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡ. ರಕ್ತದಲ್ಲಿ ಪೊಟ್ಯಾಸಿಯಂ, ಮೆಗ್ನೀಸಿಯಂ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಮೂರನ್ನೂ ವಾರಕ್ಕೆ ಎರಡು ಬಾರಿಯಾದರೂ ನೋಡಬೇಕು. ಬಸುರಿಯ ಕ್ರಿಯಾಟಿನಿನ್ ಸಾಮಾನ್ಯವಾಗಿ ಡೆಸಿಲೀಟರ್‌ಗೆ 0.4ರಿಂದ 0.8 ಮಿಲಿಗ್ರಾಂನೊಳಗೆ ಇರುತ್ತದೆ. ಲ್ಯಾಬ್ ವರದಿ ‘ನಾರ್ಮಲ್’ ಎನ್ನುವ 1.0 ಆಕೆಯ ಮೂತ್ರಪಿಂಡ ಆಗಲೇ ಸೋಲುತ್ತಿದೆ ಎಂಬುದರ ಸೂಚನೆಯಾಗಿರಬಹುದು.

ಮಾತ್ರೆಗಳ ವಿಷಯ ಬೇರೆ. ಮೊದಲ ಮೂರು ತಿಂಗಳಲ್ಲಿ ದಿನಕ್ಕೆ 400ರಿಂದ 800 ಮಿಲಿಗ್ರಾಂ ಫ್ಲುಕೊನಜೋಲ್ ಬಹುದಿನ ತೆಗೆದುಕೊಂಡ ತಾಯಂದಿರ ಕೆಲವು ಮಕ್ಕಳಲ್ಲಿ ತಲೆಬುರುಡೆ, ಅಂಗುಳ, ತೊಡೆಮೂಳೆ, ಹೃದಯದ ವಿಕಾರಗಳು ಕಂಡದ್ದರಿಂದ 2011ರಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ನೀಡಿತ್ತು. ವೊರಿಕೊನಜೋಲ್, ಗ್ರಿಸಿಯೊಫಲ್ವಿನ್ ಕೂಡ ಬೇಡ. ಇಟ್ರಾಕೊನಜೋಲ್ ನಿಲ್ಲಿಸಿದ ಮೇಲೂ ಎರಡು ತಿಂಗಳು ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು. ಹಾಗೆಂದು ಬಸುರಿ ಎಂದು ತಿಳಿಯದೆ 150 ಮಿಲಿಗ್ರಾಂನ ಒಂದು ಫ್ಲುಕೊನಜೋಲ್ ಮಾತ್ರೆ ನುಂಗಿದವರು ಹೆದರಿ ಗರ್ಭ ತೆಗೆಸಬೇಕಾಗಿಲ್ಲ. ವೈದ್ಯರಿಗೆ ತಿಳಿಸಿ, 18ರಿಂದ 20ನೇ ವಾರದ ಸ್ಕ್ಯಾನಿಂಗ್ ತಪ್ಪಿಸದಿದ್ದರೆ ಆಯಿತು.

ಬಿಳಿ ಸೆರಗಿನ ಜೊತೆ ತುರಿಕೆಯಿದ್ದು ಕ್ಯಾಂಡಿಡಾ ಎಂಬ ಫಂಗಸ್ ಎಂದು ಖಚಿತವಾದರೆ ಕ್ಲೊಟ್ರಿಮಜೋಲ್ 100 ಮಿಲಿಗ್ರಾಂ ಯೋನಿಮಾತ್ರೆ ಏಳು ರಾತ್ರಿ. ತುರಿಕೆ ಮೂರೇ ದಿನಕ್ಕೆ ಇಳಿಯಿತೆಂದು ನಿಲ್ಲಿಸಿದರೆ ಮರುಕಳಿಸುತ್ತದೆ. ಪದೇ ಪದೇ ಬಂದರೆ ಸಕ್ಕರೆ ಪರೀಕ್ಷಿಸಿ. ಹುಳುಕಡ್ಡಿಗೆ ಕ್ಲೊಟ್ರಿಮಜೋಲ್ 1% ಮುಲಾಮನ್ನು ಕಲೆಯ ಅಂಚಿನಿಂದ ಎರಡು ಸೆಂಟಿಮೀಟರ್ ಆಚೆಯವರೆಗೂ ದಿನಕ್ಕೆರಡು ಸಲ ಹಚ್ಚಿ, ಕಲೆ ಮಾಯವಾದ ಮೇಲೂ ಎರಡು ವಾರ ಮುಂದುವರಿಸಬೇಕು. ಸ್ಟೀರಾಯ್ಡ್ ಟ್ಯೂಬು ತುರಿಕೆ ತಗ್ಗಿಸಿ, ಒಳಗೊಳಗೇ ಫಂಗಸ್ ಹರಡಲು ಬಿಡುತ್ತದೆ. ಒಳ ಉಡುಪನ್ನು ಇಸ್ತ್ರಿ ಪೆಟ್ಟಿಗೆಯಿಂದ ಹೊಲಿಗೆಯ ಮೇಲೆಲ್ಲ ಉಜ್ಜಿ ಒಣಗಿಸಿಕೊಳ್ಳಿ.

ಏಳನೇ ತಿಂಗಳ ನಂತರ ಅಂಗೈ, ಅಂಗಾಲು ರಾತ್ರಿ ವಿಪರೀತ ತುರಿಸುತ್ತಾ, ಚರ್ಮದ ಮೇಲೆ ಗುಳ್ಳೆಯೇ ಇಲ್ಲದಿದ್ದರೆ ಅದು ಫಂಗಸ್ ಅಲ್ಲದಿರಬಹುದು. ಪಿತ್ತಜನಕಾಂಗದ ತೊಂದರೆಯಿಂದಲೂ ಹೀಗಾಗುತ್ತದೆ, ಮಗುವಿನ ಜೀವಕ್ಕೆ ಅಪಾಯವಿದೆ. ಕೂಡಲೇ ರಕ್ತದಲ್ಲಿ ಪಿತ್ತಾಮ್ಲ ಪರೀಕ್ಷೆ ಮಾಡಿಸಿ.

2021ರಲ್ಲಿ ಕಪ್ಪು ಶಿಲೀಂಧ್ರ ಹಬ್ಬಿದಾಗ ಆಂಫೊಟೆರಿಸಿನ್‌ಗೆ ದೇಶದಲ್ಲೆಲ್ಲ ಪರದಾಟವಾಗಿತ್ತು. ಮಳೆಗೆ ಮರ ಬಿದ್ದು, ಗುಡ್ಡ ಕುಸಿದು ಮಂಗಳೂರು, ಮೈಸೂರಿನ ದಾರಿ ಕಟ್ಟಿಹೋಗುವ ನಮ್ಮ ಜಿಲ್ಲೆಯಲ್ಲಿ ಮೇ ತಿಂಗಳೊಳಗೇ ಮಡಿಕೇರಿಯಲ್ಲಿ ಒಬ್ಬ ರೋಗಿಯ ಮೊದಲ ವಾರಕ್ಕೆ ಸಾಲುವಷ್ಟಾದರೂ ಲೈಪೊಸೋಮಲ್ ಬಗೆಯ ದಾಸ್ತಾನು ಇರಬೇಕು. ಸಾಮಾನ್ಯ ಬಗೆಯನ್ನೂ ಇಟ್ಟುಕೊಂಡರೆ ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕಾದ್ದರಿಂದ ಅದರ ಫ್ರಿಜ್‌ಗೆ ಜನರೇಟರ್ ಸಂಪರ್ಕವೂ ಬೇಕು. ತಾಯಿ ಕಾರ್ಡಿನಲ್ಲಿ ಬಸುರಿ ನುಂಗಿದ ಪ್ರತಿ ಫಂಗಸ್ ಮಾತ್ರೆಯ ಹೆಸರು, ಪ್ರಮಾಣ, ದಿನಾಂಕ ಬರೆಯುವಂತೆ ಆಶಾ ಕಾರ್ಯಕರ್ತೆಯರಿಗೆ ಜಿಲ್ಲಾ ಆರೋಗ್ಯಾಧಿಕಾರಿಗಳು ಸೂಚನೆ ಕೊಡಲಿ ಎಂದು ಕೋರುತ್ತೇವೆ.

ಇತಿ,
ಸ್ತ್ರೀರೋಗ ಹಾಗೂ ಚರ್ಮರೋಗ ವೈದ್ಯರು, ಮಡಿಕೇರಿ