ಕಪ್ಪೆರಾಯನ ಕತೆ ಬರೆದವಳಿಗೆ

ತೀರ್ಥಹಳ್ಳಿ

ಪ್ರೀತಿಯ ತಂಗಿ,

ಹಳೆಯ ರಾಜಕುಮಾರಿಯರ ಕತೆಗಳನ್ನು ಹೊಸದಾಗಿ ತಿರುಗಿಸಿ ಬರೆದ ನಿನ್ನ ನಾಲ್ಕು ಕತೆಗಳನ್ನೂ ಜೊತೆಗಿಟ್ಟ ಚೀಟಿಯನ್ನೂ ಓದಿದೆ. ‘ನಗಿಸಲು ಹೊರಟೆ, ಯಾರೂ ನಗಲಿಲ್ಲ, ಇನ್ನು ಬರೆಯುವುದಿಲ್ಲ’ ಎಂದಿದ್ದೀಯ. ಅಷ್ಟು ಬೇಗ ಕೈಚೆಲ್ಲಬೇಡ ಮಾರಾಯ್ತಿ. ಕಾಗುಣಿತ, ಪ್ರಕಾಶಕರು, ಚಿತ್ರ ಬರೆಯುವವರು ಯಾರು ಎಂಬುದೆಲ್ಲ ಆಮೇಲೆ ನೋಡಿಕೊಂಡರಾಯಿತು. ನನ್ನ ತಕರಾರು ಒಂದೇ: ನೀನು ಮೂಲ ಕತೆ ಓದಿಲ್ಲ. ಸಿನಿಮಾ ನೋಡಿ, ಅದಕ್ಕೆ ಎದುರುತ್ತರ ಬರೆದಿದ್ದೀಯ.

ಕಪ್ಪೆರಾಯನ ಕತೆಯನ್ನೇ ತಗೋ. ನಿನ್ನ ರಾಜಕುಮಾರಿ ‘ಮುತ್ತು ಕೊಡಲಾರೆ’ ಎಂದು ಎರಡು ಪುಟ ಭಾಷಣ ಬಿಗಿಯುತ್ತಾಳೆ. ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ಅಚ್ಚು ಹಾಕಿಸಿದ ಕತೆಯಲ್ಲಿ ಮುತ್ತೇ ಇಲ್ಲ! ನೀರಿಗೆ ಬಿದ್ದ ಚಿನ್ನದ ಚೆಂಡು ತಂದುಕೊಟ್ಟರೆ ಜೊತೆಗಿಟ್ಟುಕೊಳ್ಳುತ್ತೇನೆ ಎಂದು ಮಾತು ಕೊಟ್ಟವಳು, ಕಪ್ಪೆ ಹಾಸಿಗೆಗೂ ಬರುತ್ತೇನೆಂದು ಹಟ ಹಿಡಿದಾಗ ಅದನ್ನೆತ್ತಿ ಗೋಡೆಗೆ ಅಪ್ಪಳಿಸುತ್ತಾಳೆ. ಅದು ರಾಜಕುಮಾರನಾಗುವುದು ಆಗಲೇ. ಗೋಪುರದಲ್ಲಿ ಸೆರೆಯಾದ ರಪುಂಜೆಲ್‌ಗೆ ಬುದ್ಧಿ ಬರಲು ನಿನ್ನ ಕತೆಯಲ್ಲಿ ಬೆಂಗಳೂರಿನ ಗೆಳತಿಯ ಫೋನ್ ಬೇಕಾಯಿತು. ಗ್ರಿಮ್‌ರಲ್ಲಿ ‘ಬಂದಾಗಲೆಲ್ಲ ಒಂದು ಲಡಿ ರೇಷ್ಮೆ ತಾ, ಏಣಿ ಹೆಣೆದು ಇಳಿಯುತ್ತೇನೆ’ ಎಂದು ರಾಜಕುಮಾರನಿಗೆ ಹೇಳಿ ಉಪಾಯ ಹೂಡುವವಳು ಅವಳೇ. ನೀನು ಬೆವರು ಸುರಿಸಿ ತುಂಬಿದ ಧೈರ್ಯ ಅಲ್ಲಿ ಮೊದಲೇ ಇತ್ತು. ನೀನು ಅದನ್ನು ತೆಗೆದುಹಾಕಿ, ಬದಲಿಗೆ ಭಾಷಣ ಇಟ್ಟೆ.

ಮುನ್ನುಡಿಯಲ್ಲಿ ‘ನಮ್ಮಲ್ಲಿ ಸ್ವತಂತ್ರ ರಾಜಕುಮಾರಿಯರಿರಲಿಲ್ಲ, ಆದ್ದರಿಂದ ಸೃಷ್ಟಿಸಬೇಕಾಯಿತು’ ಅಂತ ಬೇರೆ. ಶಿವಮೊಗ್ಗ ಜಿಲ್ಲೆಯಲ್ಲಿ ಕೂತು ಈ ಮಾತೇ? ಪ್ಯಾರಿಸ್‌ನಲ್ಲಿ ಪೆರೋ ಎಂಬ ಲೇಖಕ ಗಾಜಿನ ಚಪ್ಪಲಿಯ ಸಿಂಡ್ರೆಲಾಳನ್ನು ಅಚ್ಚು ಹಾಕಿಸಿದ್ದು 1697ರಲ್ಲಿ. ಅದಕ್ಕೂ ಎಂಟು ವರ್ಷ ಮೊದಲು, ಔರಂಗಜೇಬನ ಸೈನ್ಯ ಬೆನ್ನು ಹತ್ತಿದ್ದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಸುರಕ್ಷಿತವಾಗಿ ದಾಟಿಸಿದವಳು ಕೆಳದಿಯ ಚೆನ್ನಮ್ಮ. ಕತೆಯೇ ಬೇಕೆಂದರೆ ಎ.ಕೆ. ರಾಮಾನುಜನ್ ಪರಿಚಯಿಸಿದ ನಮ್ಮ ಜನಪದ ಕತೆ ‘ಹಂಚಿ’ಯನ್ನು ಓದು. ಮಣ್ಣಿನ ಮುಖವಾಡ ತೊಟ್ಟು ಮನೆಬಿಟ್ಟು, ಪರರ ಮನೆಯಲ್ಲಿ ದುಡಿಯುವ ಹುಡುಗಿ ಅವಳು.

ಸರಿ, ಬೈದದ್ದು ಸಾಕು. ಕಪ್ಪೆ ಕತೆಯನ್ನು ಹೇಗೆ ಎತ್ತಿಕೊಳ್ಳಬಹುದು, ನೋಡು.

ಮೂಲದ ಕಟ್ಟಳೆ ಏನು? ಕೊಟ್ಟ ಮಾತು ಉಳಿಸಿಕೊಳ್ಳಬೇಕು. ಅಪ್ಪನೇ ಎದುರು ಕೂತು ಉಳಿಸಿಕೊಳ್ಳುವಂತೆ ಮಾಡುತ್ತಾನೆ. ಇದನ್ನು ಮುಟ್ಟಬೇಡ. ಮಾತು ಮುರಿದು ಎದ್ದು ಹೋಗುವವಳಲ್ಲಿ ನಗು ಹುಟ್ಟುವುದಿಲ್ಲ. ಮಾತಿನ ಒಳಗೇ ಸಂದು ಹುಡುಕುವವಳಲ್ಲಿ ಹುಟ್ಟುತ್ತದೆ. ಮೂರು ಮೆಟ್ಟಿಲುಗಳನ್ನೂ ಇಟ್ಟುಕೋ: ಅವಳ ತಟ್ಟೆ, ಅವಳ ಲೋಟ, ಅವಳ ಹಾಸಿಗೆ. ಬದಲಿಸುವುದು ಒಂದನ್ನೇ, ಅವಳಿಗೆ ಅಡುಗೆ ಗೊತ್ತು ಅನ್ನು. ತಟ್ಟೆಯಲ್ಲಿ ಉಣ್ಣು ಎಂದಿದ್ದಳೇ ಹೊರತು ಏನು ಬಡಿಸುತ್ತೇನೆಂದು ಹೇಳಿರಲಿಲ್ಲವಲ್ಲ! ಕೆಸುವಿನ ಎಲೆಯ ಕರಕಲಿ ಬಡಿಸಲಿ, ಹುಳಿ ಹಾಕದೆ. ಕೆಸುವಿಗೆ ಹುಳಿ ಕಡಿಮೆ ಬಿದ್ದರೆ ಗಂಟಲು ತುರಿಸುವುದು ಮಲೆನಾಡಿನ ಮಕ್ಕಳಿಗೂ ಗೊತ್ತು, ನೀನು ವಿವರಿಸಬೇಕಾಗಿಲ್ಲ. ಎರಡನೇ ಮೆಟ್ಟಿಲಿಗೆ ಬರುವಾಗ ಲೋಟದಲ್ಲಿ ಹುಳಿಮಜ್ಜಿಗೆ ಇದೆ, ಅವಳ ಕೈ ಲೋಟದ ಮೇಲಿದೆ. ‘ಕುಡಿಯಬೇಕೇ? ಹಾಸಿಗೆಯ ಮಾತು ವಾಪಸ್ ಕೊಡು.’ ಮೂರನೆಯದು ಅಲ್ಲೇ ತಿರುಗುತ್ತದೆ.

ಇಲ್ಲಿ ಕಪ್ಪೆಯನ್ನು ಪೆದ್ದ ಮಾಡಿದೆಯೋ, ಕೆಟ್ಟಿತು. ಪೆದ್ದನನ್ನು ಗೆದ್ದವಳಿಗೆ ಯಾವ ಕೀರ್ತಿ? ಅದೂ ಚೌಕಾಸಿ ಮಾಡಲಿ: ಹಾಸಿಗೆ ಬೇಡ, ಮಳೆಗಾಲ ಮುಗಿಯುವವರೆಗೆ ಒಲೆಯ ಪಕ್ಕ ಜಾಗ ಕೊಡು ಅನ್ನಲಿ. ನಿನ್ನ ನಾಲ್ಕು ಕತೆಗಳ ನಾಲ್ಕೂ ರಾಜಕುಮಾರರು ಪೆದ್ದರು, ನಾಲ್ವರೂ ಸೆಲ್ಫಿ ತೆಗೆಯುತ್ತಾರೆ. ಅರಮನೆಯಲ್ಲಿ ಮೊಬೈಲು ಒಮ್ಮೆ ನಗಿಸುತ್ತದೆ, ಎರಡನೇ ಸಲ ಬೇಸರ.

ಅಳತೆಯೂ ಕೆಟ್ಟಿದೆ. ಇಂಥ ಕತೆಗೆ 1200 ಪದ ಧಾರಾಳ. ಮೊದಲ 150ರೊಳಗೆ ಅವಳು ಮಾತು ಕೊಟ್ಟಾಗಿರಬೇಕು. ನಿನ್ನಲ್ಲಿ ಚೆಂಡು ನೀರಿಗೆ ಬೀಳುವುದೇ ಮೂರನೇ ಪುಟದಲ್ಲಿ. ಮೊದಲೆರಡು ಮೆಟ್ಟಿಲು ಒಂದೇ ಅಳತೆಯಲ್ಲಿರಲಿ, ಮೂರನೆಯದು ಗಿಡ್ಡ. ‘ಅವಳು ಸ್ವತಂತ್ರ ಮನೋಭಾವದವಳು’ ಎಂಬ ಸಾಲು ಎಲ್ಲಿದ್ದರೂ ಹೊಡೆದುಹಾಕು. ‘ಸ್ತ್ರೀಪರ ಆಶಯ’ ಎಂದು ತೀರ್ಪುಗಾರರು ಷರಾ ಬರೆದು ಬಹುಮಾನ ಕೊಟ್ಟ ಎಷ್ಟೋ ಕತೆಗಳಲ್ಲಿ ಆಶಯ ಇರುತ್ತದೆ, ಹೆಣ್ಣು ಇರುವುದಿಲ್ಲ. ಆ ಷರಾದ ಆಸೆಗೆ ಬೀಳಬೇಡ.

ಎರಡನೇ ಕತೆಯಲ್ಲಿ ಮಾಂತ್ರಿಕನ ಅಮ್ಮ ಕೊಟ್ಟಿಗೆಯಿಂದಲೇ ಮಗನಿಗೆ ಬೈಯುವ ಅರ್ಧ ಪುಟ ಇದೆಯಲ್ಲ, ಅಲ್ಲಿ ಜೋರಾಗಿ ನಕ್ಕುಬಿಟ್ಟೆ. ಅದರ ಒಂದಕ್ಷರವನ್ನೂ ತಿದ್ದಬೇಡ. ಮುನ್ನುಡಿ ಹರಿದು ಹಾಕು. ಕಪ್ಪೆ ಕತೆಯನ್ನು ಮೊದಲು ತಿದ್ದಿ ಕಳಿಸು, ಉಳಿದವು ಆಮೇಲೆ.

ಇತಿ,
ನಿನ್ನ ಅಕ್ಕ