ಮುಂಬೈಗೆ ಹೊರಡುವ ಮುಂಚೆ

ಪುಟ್ಟಿ,

ಭಾನುವಾರದಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ಅಮ್ಮನ ಹತ್ತಿರ ಮಾತ್ರ ಮಾತಾಡುತ್ತೀಯಂತೆ. ಅದಕ್ಕೇ ಈ ಕಾಗದ.

ಮುಂಬೈ ಮ್ಯಾರಥಾನಿಗೆ ನೀನು ಅಭ್ಯಾಸ ಓಡುವಾಗ ರಿಂಗ್ ರೋಡಿನಲ್ಲಿ ಆದದ್ದು ಇಬ್ಬರಿಗೂ ಗೊತ್ತು. ನಿನ್ನ ಸ್ನೇಹಿತರ ಎದುರಿಗೆ ಸ್ಕೂಟರ್ ನಿಲ್ಲಿಸಿ "ಸಾಕು, ಹತ್ತು" ಅಂದೆನಲ್ಲ, ತಪ್ಪು. ಆ ಮಾತು ಎಲ್ಲಿಂದ ಬಂತು ಗೊತ್ತಾ? ನಿಮ್ಮ ತಾತನಿಂದ.

1986. ಮಂಡ್ಯದಲ್ಲಿ ಜಿಲ್ಲಾ ಮಟ್ಟದ ಓಟ, 5000 ಮೀಟರ್, ಹನ್ನೆರಡೂವರೆ ಸುತ್ತು. ಬರಿಗಾಲಿನ ಶಿವನಾಥ್ ಸಿಂಗ್ 1978ರಲ್ಲಿ ಜಲಂಧರಿನಲ್ಲಿ 2 ಗಂಟೆ 12 ನಿಮಿಷಕ್ಕೆ ಮ್ಯಾರಥಾನ್ ಮುಗಿಸಿದ್ದನ್ನು ನಮ್ಮ ಪಿ.ಟಿ. ಮೇಷ್ಟ್ರು ದಿನಾ ಹೇಳುತ್ತಿದ್ದರು. ನಾನೂ ಶೂ ಬಿಚ್ಚಿ ಎಸೆದೆ. ಇದ್ದದ್ದೇ ಕ್ಯಾನ್ವಾಸ್ ಶೂ, ಅದೂ ಅಣ್ಣಂದು. ಮೊದಲ ಎರಡು ಸುತ್ತು ಎಲ್ಲರಿಗಿಂತ ಮುಂದೆ. ಜನ ಶಿಳ್ಳೆ ಹೊಡೆದರು. ಐದನೆಯದಕ್ಕೆ ಬಾಯಿ ಒಣಗಿತು, ಏಳಕ್ಕೆ ಪಕ್ಕೆ ಹಿಡಿಯಿತು. ಕಬ್ಬಿನ ಗಾಡಿ ಬಿಟ್ಟು ನೇರ ಬಂದಿದ್ದ ಅಪ್ಪ ಬೇಲಿ ಹತ್ತಿರ ನಿಂತು "ಸಾಕು ಬಾರ್ಲಾ" ಅಂದರು. ಬಂದುಬಿಟ್ಟೆ.

ಅಪ್ಪ ಕರೆಯದಿದ್ದರೆ ಮುಗಿಸುತ್ತಿದ್ದೆ ಅಂತ ನಿನಗೂ ಎಷ್ಟೋ ಸಲ ಹೇಳಿದ್ದೇನೆ. ಸುಳ್ಳು ಪುಟ್ಟಿ. ಆರನೇ ಸುತ್ತಿನಿಂದಲೇ ಬೇಲಿ ಕಡೆ ನೋಡುತ್ತಿದ್ದೆ, ಯಾವಾಗ ಕರೆಯುತ್ತಾರೋ ಅಂತ. ಪಾಪ, ನನ್ನ ಮುಖ ನೋಡಿಯೇ ಕರೆದಿರಬೇಕು. ಅವರು ತೀರಿಹೋಗುವವರೆಗೂ ತಪ್ಪನ್ನು ಅವರ ಮೇಲೇ ಹೇಳಿಕೊಂಡು ಬಂದೆ. ಅವರು ಒಂದು ಸಲವೂ ಅಲ್ಲ ಅನ್ನಲಿಲ್ಲ.

ನೀನು 28ನೇ ಕಿಲೋಮೀಟರಿನಲ್ಲಿ ಕುಂಟುತ್ತಿದ್ದರೂ ನನ್ನ ಕಡೆ ತಿರುಗಲಿಲ್ಲ. ಕರೆದ ಮೇಲೂ 32 ಮುಗಿಸಿದೆ. ಹಿಂದೆ ಸ್ಕೂಟರಿನಲ್ಲಿ ಬರುತ್ತಾ ಏನನ್ನಿಸಿತು ಅಂತ ಬರೆಯಲು ಆಗುತ್ತಿಲ್ಲ.

ಉಪದೇಶ ಬೇಡ ಅಂದುಕೊಂಡೇ ಕೂತೆ. ಆದರೂ ಒಂದೇ ಒಂದು. ನಾಲ್ಕೂವರೆ ಗಂಟೆ ನಿನ್ನ ಗುರಿ ಅಂದರೆ ಕಿಲೋಮೀಟರಿಗೆ 6 ನಿಮಿಷ 24 ಸೆಕೆಂಡು. ಅವತ್ತು ಮೊದಲ ಐದು ಕಿಲೋಮೀಟರನ್ನು ನೀನು ತಲಾ 5:45ರಲ್ಲಿ ಓಡಿದೆ. ಬಸ್ ಟಿಕೆಟ್ ಹಿಂದೆ ಬರೆದಿಟ್ಟುಕೊಂಡಿದ್ದೇನೆ. (ಸ್ಕೂಟರ್ ಮೀಟರ್ ನಂಬಬೇಡಿ ಅಂತೀಯ, ಇರಲಿ.) ಬೆಳಗಿನ ಹುರುಪಿಗೆ ಕಾಲು ಹಗುರ ಅನ್ನಿಸುತ್ತೆ. ಮೈಯಲ್ಲಿ ಕೂಡಿಟ್ಟ ಸಕ್ಕರೆ, ಅಂದರೆ ಗ್ಲೈಕೋಜನ್, ಆಗಲೇ ಸುಟ್ಟರೆ 30 ದಾಟಿದ ಮೇಲೆ ಏನೂ ಉಳಿಯಲ್ಲ. ಮುಂಬೈಯಲ್ಲಿ ಪೆಡ್ಡರ್ ರೋಡಿನ ಏರು ಬರುವುದೇ ಆಮೇಲೆ. ಮೊದಲ ಹತ್ತರಲ್ಲಿ ಪಕ್ಕದವರ ಜೊತೆ ಮಾತಾಡಿಕೊಂಡು ಓಡುವಷ್ಟು ನಿಧಾನ ಇರು. ಅಲ್ಲಿ ಸೆಕೆ, ಬೆವರು ಜಾಸ್ತಿ. ಹಾಗಂತ ಬರೀ ನೀರು ಗಟಗಟ ಕುಡಿಯಬೇಡ, ರಕ್ತದಲ್ಲಿ ಉಪ್ಪು ಕಮ್ಮಿಯಾಗುತ್ತೆ. ಇನ್ನು ಮೂರೇ ವಾರ. ಓಟ ಇಳಿಸು, ನಿದ್ದೆ ಏರಿಸು. ಚಾಮುಂಡಿ ಬೆಟ್ಟದ ಮೆಟ್ಟಿಲೂ ಬೇಡ. ಹೊಸ ಶೂ ಅವತ್ತೇ ಹಾಕಬೇಡ. ಮಂಡಿ ಯಾರಿಗಾದರೂ ತೋರಿಸು. ಒಂದು ಅಂದವನು ಎಷ್ಟು ಹೇಳಿದೆ ನೋಡು.

ನಾನೂ ರೈಲಿಗೆ ಟಿಕೆಟ್ ಮಾಡಿಸಿದ್ದೇನೆ. ದಾರಿಯಲ್ಲಿ ಎಲ್ಲೂ ಬೇಲಿ ಹತ್ತಿರ ನಿಲ್ಲುವುದಿಲ್ಲ. ಮುಗಿಯುವ ಕಡೆ, ಗೆರೆಯ ಆಚೆ ಇರುತ್ತೇನೆ. ಐದು ಗಂಟೆ ಆದರೂ ಸರಿ, ಆರಾದರೂ ಸರಿ.

ಅಮ್ಮ ಚಕ್ಕುಲಿ ಕಳಿಸುತ್ತಿದ್ದಾಳೆ. ಫೋನ್ ಎತ್ತು.

ಅಪ್ಪ