ಜಗಳ ಹುಟ್ಟಿದ ಪುಟಕ್ಕೆ ಮರಳಿ ಹೋಗು

ಧಾರವಾಡ

ಪ್ರಿಯ ತಮ್ಮ,

ನಿನ್ನ ಪತ್ರವೂ ಅದರ ಜೊತೆಗಿದ್ದ ಹಸ್ತಪ್ರತಿಯೂ ಸೋಮವಾರ ಮುಟ್ಟಿದವು. ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಹೋದ ಸಲ ನಾನು ಓದಿದಾಗ ಇದ್ದ ನಾಲ್ಕನೆಯ ಅಧ್ಯಾಯ, ಅಂದರೆ ಕುರಿ ಕಾಯುವ ಆ ಹುಡುಗಿ ಕಪ್ಪತಗುಡ್ಡದ ಬುಡದಲ್ಲಿ ಮಳೆಗೆ ಸಿಕ್ಕು ಗಿಡಮೂಲಿಕೆ ಕೊಡುವ ಮುದುಕಿಯ ಗುಡಿಸಲಲ್ಲಿ ಒಂದು ರಾತ್ರಿ ಕಳೆಯುವ ಭಾಗ, ಈಗ ಇಲ್ಲವೇ ಇಲ್ಲ. ಅದನ್ನು ತೆಗೆದುಹಾಕಲು ನೀನು ಕೊಟ್ಟ ಕಾರಣ ಒಂದೇ: ಆ ಭಾನುವಾರ ನಮ್ಮ ಮನೆಯ ಮಾಳಿಗೆಯ ಮೇಲೆ ನಡೆದ ವಾದ.

ಆ ವಾದ ನನ್ನ ಕಿವಿಯಲ್ಲೂ ಇನ್ನೂ ಇದೆ. ಗಿರ್ಮಿಟ್ಟಿನ ತಟ್ಟೆಗಳು ಬರಿದಾಗಿ, ಚಹಾ ಎರಡನೆಯ ಸಲ ಬಂದು ಆರಿಹೋದರೂ ಯಾರೂ ಏಳಲಿಲ್ಲ. ಇಂಗ್ಲಿಷ್ ಕಾದಂಬರಿಕಾರ ಟೋಲ್ಕಿನ್ ದೊಡ್ಡ ಲೇಖಕನೋ ಬರೀ ಜನಪ್ರಿಯ ಲೇಖಕನೋ ಎಂದು ಶುರುವಾದದ್ದು, ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿಯ ಟಾಮ್ ಬಾಂಬಡಿಲ್ ಎಂಬ ಒಬ್ಬನೇ ಒಬ್ಬನ ಮೇಲೆ ಬಂದು ನಿಂತಿತು. ಕರಿಯ ಕುದುರೆಗಳ ಸವಾರರು ಬೆನ್ನು ಹತ್ತಿ ಕಥೆ ಆಗತಾನೇ ಓಟ ಹಿಡಿದಿರುವಾಗ, ನೀಲಿ ಅಂಗಿಯ, ಹಳದಿ ಬೂಟಿನ ಈ ಮನುಷ್ಯ ಹಾಡುತ್ತ ಬಂದು ಎಲ್ಲವನ್ನೂ ತಡೆದು ನಿಲ್ಲಿಸುತ್ತಾನೆ, 2001ರ ಸಿನಿಮಾದವರು ಅವನನ್ನು ಬಿಟ್ಟದ್ದೇ ಒಳ್ಳೆಯದಾಯಿತು ಎಂದು ಹುಬ್ಬಳ್ಳಿಯ ಹುಡುಗ ಹೇಳಿದ. ಕೃಷಿ ವಿಶ್ವವಿದ್ಯಾಲಯದ ಹುಡುಗಿ ಬೆನ್ನು ಕಿತ್ತು ಟೇಪು ಹಚ್ಚಿದ ತನ್ನ ಪ್ರತಿಯನ್ನು ಎದೆಗವಚಿಕೊಂಡು, ತಾನು ಮತ್ತೆ ಮತ್ತೆ ಓದುವುದೇ ಆ ಭಾಗವನ್ನು ಎಂದಳು. ನೀನು ಮೂಲೆಯಲ್ಲಿ ಕೂತು ಒಂದೂ ಮಾತಾಡಲಿಲ್ಲ. ಊರಿಗೆ ಹೋಗಿ ನಿನ್ನ ಅಧ್ಯಾಯ ಕಿತ್ತುಹಾಕಿದೆ.

ಅವರಿಬ್ಬರಲ್ಲಿ ಯಾರ ಮಾತು ಸರಿ ಎಂದು ನೀನು ಕೇಳಿದ್ದೀ. ಓದುಗರಾಗಿ ಇಬ್ಬರೂ ತಮ್ಮ ಅನುಭವವನ್ನು ಹೇಳಿದ್ದಾರೆ, ಅಲ್ಲಿಗೆ ಅವರ ಕೆಲಸ ಮುಗಿಯಿತು. ಬರೆಯುವ ನಿನಗೆ ಮಾತ್ರ ತೀರ್ಪಿನಿಂದ ಯಾವ ಪ್ರಯೋಜನವೂ ಇಲ್ಲ. ಅವರು ಯಾವ ಪುಟದ ಮೇಲೆ ಜಗಳಾಡಿದರೋ ಆ ಪುಟಕ್ಕೆ ಮರಳಿ ಹೋಗಿ, ಅಲ್ಲಿ ಲೇಖಕ ಏನು ಪಡೆಯಲು ಏನನ್ನು ಬಿಟ್ಟುಕೊಟ್ಟ ಎಂದು ನೋಡುವುದು ನಿನ್ನ ಕೆಲಸ.

ನಾನು ಆ ರಾತ್ರಿಯೇ ಹೋಗಿ ನೋಡಿದೆ. ಇಡೀ ಕಥೆ ನಾಶಮಾಡಲೇಬೇಕಾದ ಒಂದು ಮಾಯದ ಉಂಗುರದ ಸುತ್ತ ನಡೆಯುತ್ತದೆ, ಅದು ಎಂಥದೆಂದು ಅಷ್ಟು ಹೊತ್ತಿಗೆ ನಮಗೆ ತಿಳಿದಿದೆ. ತೊಟ್ಟವನು ಕಣ್ಮರೆಯಾಗುತ್ತಾನೆ, ಇಟ್ಟುಕೊಂಡವನಿಗೆ ಬಿಡಲು ಮನಸ್ಸು ಬಾರದು. ಬಾಂಬಡಿಲ್ ಅದನ್ನು ಬೆರಳಿಗೆ ಹಾಕಿಕೊಳ್ಳುತ್ತಾನೆ, ಏನೂ ಆಗುವುದಿಲ್ಲ. ಮೇಲಕ್ಕೆಸೆದು ಅದನ್ನೇ ಒಂದು ಕ್ಷಣ ಮಾಯ ಮಾಡಿ, ನಗುತ್ತ ತಿರುಗಿ ಕೊಟ್ಟುಬಿಡುತ್ತಾನೆ. ಉಂಗುರ ಹೊತ್ತ ಕಥಾನಾಯಕ ಫ್ರೋಡೊ ಅನುಮಾನಪಟ್ಟು ತಾನೇ ತೊಟ್ಟು ನೋಡಿದರೆ ಗೆಳೆಯರಿಗೆ ಅವನು ಕಾಣುವುದಿಲ್ಲ, ಬಾಂಬಡಿಲ್‌ಗೆ ಮಾತ್ರ ಕಾಣುತ್ತಾನೆ. ಮುಂದೆ ದೊಡ್ಡವರ ಸಭೆಯಲ್ಲಿ ಉಂಗುರವನ್ನು ಇವನ ಕೈಗೇ ಕೊಟ್ಟುಬಿಟ್ಟರೆ ಹೇಗೆ ಎಂಬ ಮಾತು ಬರುತ್ತದೆ. ಅವನು ಅದನ್ನು ಮರೆತೇಬಿಟ್ಟಾನು, ಎಲ್ಲಾದರೂ ಎಸೆದಾನು ಎಂದು ಆ ಯೋಚನೆಯನ್ನು ಕೈಬಿಡುತ್ತಾರೆ. ಇಡೀ ಕಾದಂಬರಿಯಲ್ಲಿ ಆ ಉಂಗುರದ ಆಸೆಯೂ ಇಲ್ಲದ, ಅಂಜಿಕೆಯೂ ಇಲ್ಲದ ಒಂದು ಮನೆ ಇದೆಯೆಂದರೆ ಇದೇ. ಹುಬ್ಬಳ್ಳಿಯ ಹುಡುಗ ಹೇಳಿದಂತೆ ಕಥೆ ಇಲ್ಲಿ ನಿಂತದ್ದು ನಿಜ. ಆದರೆ ಬೇರೆ ಎಲ್ಲರೂ ಉಂಗುರದ ಮುಂದೆ ನಡುಗುವುದನ್ನು ಅಳೆಯಲು ನಮಗೆ ಸಿಕ್ಕ ಅಳತೆಗೋಲು ಈ ನಡುಗದ ಮನುಷ್ಯ. ಓಟವನ್ನು ಕೊಟ್ಟು ಟೋಲ್ಕಿನ್ ಇದನ್ನು ಕೊಂಡ. ಕೊಟ್ಟ ಬೆಲೆ ಹೆಚ್ಚಾಯಿತೆಂದು ನಿನಗೆ ಅನ್ನಿಸಬಹುದು, ನನಗೂ ಅಲ್ಲಿಯ ಒಂದೆರಡು ಹಾಡು ಹೆಚ್ಚೆನಿಸುತ್ತವೆ. ಆದರೂ ಅದು ಅಜಾಗರೂಕತೆಯಿಂದ ಉಳಿದ ಭಾಗವಲ್ಲ. ಈ ಬಾಂಬಡಿಲ್ 1934ರಲ್ಲೇ ಒಂದು ಕವನದಲ್ಲಿ ಹುಟ್ಟಿದ್ದವನು. ಅವನು ಯಾರೆಂದು ಬಿಡಿಸಿ ಹೇಳದೆ ಉಳಿಸಿದ್ದು ಬೇಕೆಂದೇ ಎಂದು ಲೇಖಕನೇ 1954ರ ಒಂದು ಕಾಗದದಲ್ಲಿ ಹೇಳಿಕೊಂಡಿದ್ದಾನೆ.

ಇಂಥ ಜಗಳ ನಮ್ಮ ಮಾಳಿಗೆಯ ಮೇಲೆ ಹುಟ್ಟಿದ್ದಲ್ಲ. ಟೋಲ್ಕಿನ್‌ನ ಈ ಕಾದಂಬರಿಯ ಮೂರು ಸಂಪುಟಗಳು 1954 ಮತ್ತು 1955ರಲ್ಲಿ ಬಂದವು. 1956ರಲ್ಲಿ ಕವಿ ಆಡೆನ್ ಅದನ್ನು ಮೇರುಕೃತಿಯೆಂದು ಮೆಚ್ಚಿ ಬರೆಯುತ್ತ, ಇಷ್ಟು ಬಿರುಸಿನ ವಾದ ಎಬ್ಬಿಸಿದ ಪುಸ್ತಕ ತನ್ನ ನೆನಪಿನಲ್ಲಿ ಅಪರೂಪ ಎಂದ. ಅದೇ ವರ್ಷ ಎಡ್ಮಂಡ್ ವಿಲ್ಸನ್ ಎಂಬ ದೊಡ್ಡ ವಿಮರ್ಶಕ ಅದು ಹುಡುಗರ ಓದಿನ ಕಸ ಎಂದು ತಳ್ಳಿಹಾಕಿದ. ಹತ್ತು ವರ್ಷದ ಬಳಿಕ ಎರಡನೆಯ ಆವೃತ್ತಿಯ ಮುನ್ನುಡಿಯಲ್ಲಿ ಟೋಲ್ಕಿನ್ ಬರೆದದ್ದನ್ನು ನೀನು ಓದಲೇಬೇಕು. ತನಗೆ ಬಂದ ಕಾಗದಗಳಲ್ಲಿ ಕೆಲವರು ಯಾವ ಭಾಗಗಳನ್ನು ಕಳಂಕವೆಂದರೋ ಅವೇ ಭಾಗಗಳನ್ನು ಇನ್ನು ಕೆಲವರು ವಿಶೇಷವಾಗಿ ಮೆಚ್ಚಿದ್ದಾರೆ ಎಂದು ಅವನು ಗಮನಿಸುತ್ತಾನೆ. ಪುಸ್ತಕದಲ್ಲಿ ಸಣ್ಣ ದೊಡ್ಡ ದೋಷಗಳು ತನಗೇ ಕಾಣುತ್ತವೆ ಎಂದೂ ಒಪ್ಪಿಕೊಳ್ಳುತ್ತಾನೆ. ಆದರೆ ಬೇರೆಯವರು ಎತ್ತಿದ ದೋಷಗಳಲ್ಲಿ ಅವನು ಬಾಯಿಬಿಟ್ಟು ಒಪ್ಪುವುದು ಒಂದನ್ನೇ: ಪುಸ್ತಕ ಬಹಳ ಚಿಕ್ಕದಾಯಿತು ಎಂಬುದನ್ನು.

ನಾನು ಇದನ್ನು ಮೊದಲು ಕಲಿತದ್ದು ಗದಗಿನಲ್ಲಿ, ಅಜ್ಜನ ಮನೆಯಲ್ಲಿ. ಮಳೆ ಕೈಕೊಟ್ಟ ವರ್ಷ ವಿರಾಟಪರ್ವ ಓದಿಸುವ ವಾಡಿಕೆ ನಿನಗೂ ಗೊತ್ತಿದೆ. ವೀರನಾರಾಯಣನ ಗುಡಿಯ ಊರಿನವರಿಗೆ ಕುಮಾರವ್ಯಾಸ ತಮ್ಮ ಮನೆಯ ಹಿರಿಯನಿದ್ದಂತೆ, ಆದ್ದರಿಂದ ಅವನ ಮೇಲೆ ಜಗಳಾಡುವ ಹಕ್ಕೂ ತಮ್ಮದೆಂದೇ ಎಲ್ಲರೂ ತಿಳಿದಿದ್ದರು. ಉತ್ತರಕುಮಾರ ಹೆಂಗಸರ ಮುಂದೆ ಪೌರುಷ ಕೊಚ್ಚಿ, ಕೌರವರ ಸೇನೆ ಕಂಡೊಡನೆ ರಥದಿಂದ ಜಿಗಿದು ಓಡುವ ಭಾಗ ಬಂದಾಗ ಅಜ್ಜನ ಗೆಳೆಯರೊಬ್ಬರು, ಯುದ್ಧದ ಬಾಗಿಲಲ್ಲಿ ಇಷ್ಟು ನಗೆ ಬೇಕಿರಲಿಲ್ಲ ಎಂದು ಪ್ರತಿ ಸಲವೂ ಬೇಸರಪಡುತ್ತಿದ್ದರು. ಇನ್ನೊಬ್ಬರು ಅದೊಂದು ದಿನ ಮಾತ್ರ ತಪ್ಪದೆ ಬರುತ್ತಿದ್ದರು. ಅಜ್ಜ ಇಬ್ಬರಿಗೂ ಎದುರು ಹೇಳದೆ, ಆ ಪದ್ಯಗಳನ್ನು ವಾಚಕರಿಂದ ಮತ್ತೊಮ್ಮೆ ಓದಿಸುತ್ತಿದ್ದ. ಆಗ ನಾವು ಮಕ್ಕಳಿಗೂ ಕಾಣುತ್ತಿತ್ತು: ಉತ್ತರ ಓಡಿದ್ದರಿಂದಲೇ ಬೃಹನ್ನಳೆಯ ವೇಷದ ಅರ್ಜುನ ನಿಂತದ್ದು ಅಷ್ಟು ಎತ್ತರವಾಗಿ ಕಂಡಿತು.

ಇಷ್ಟೆಲ್ಲ ಕೇಳಿ ಬೆಳೆದೂ ನಾನು ತಪ್ಪಿದೆ. ಒಂದು ವಾರಪತ್ರಿಕೆಯಲ್ಲಿ ನನ್ನ ಧಾರಾವಾಹಿ ಬರುತ್ತಿದ್ದಾಗ, ನಾಯಕಿ ಗಂಡನ ಮನೆಗೆ ಮರಳಬೇಕೆಂದು ಓದುಗರ ಕಾಗದಗಳು ಬಂದವು, ಮರಳಬಾರದೆಂದೂ ಬಂದವು. ನಾನು ಎಣಿಸಿ, ಹೆಚ್ಚು ಬಂದ ಕಡೆಗೆ ಕಥೆಯನ್ನು ತಿರುಗಿಸಿದೆ. ಅವಳು ಮರಳಿದಳು. ಯಾಕೆ ಮರಳಿದಳೆಂದು ನನಗೇ ಗೊತ್ತಿರಲಿಲ್ಲ, ಹೀಗಾಗಿ ಕೊನೆಯ ಆರು ಕಂತುಗಳಲ್ಲಿ ಅವಳ ಬಾಯಿಂದ ಒಂದು ನಿಜವಾದ ಮಾತೂ ಹೊರಡಲಿಲ್ಲ. ಮೆಚ್ಚಿ ಕಾಗದ ಬರೆದವರು ಕೂಡ ಆಮೇಲೆ ಸುಮ್ಮನಾದರು. ಆ ಕಾದಂಬರಿಯನ್ನು ನಾನು ಪುಸ್ತಕವಾಗಿ ತರಲಿಲ್ಲ, ಆ ಹೆಣ್ಣುಮಗಳಿಗೆ ಮಾಡಿದ ಅನ್ಯಾಯ ಇಂದಿಗೂ ನನ್ನನ್ನು ಬಾಧಿಸುತ್ತದೆ.

ಹಾಗೆಂದು ಅಭಿಮಾನಿಗಳನ್ನು ಹಗುರವಾಗಿ ಕಾಣಬೇಡ. ಟೋಲ್ಕಿನ್‌ನ ಮೊದಲ ಕಾದಂಬರಿಯ ಹಸ್ತಪ್ರತಿಯನ್ನು ಓದಿ, ಮಕ್ಕಳಿಗೆ ಹಿಡಿಸುತ್ತದೆಂದು ಅಭಿಪ್ರಾಯ ಬರೆದುಕೊಟ್ಟವನು ಪ್ರಕಾಶಕರ 10 ವರ್ಷದ ಮಗ. ಆ ಹುಡುಗನೇ ದೊಡ್ಡವನಾದ ಮೇಲೆ, ನಷ್ಟವಾದರೂ ಆಗಲಿ ಎಂದು ಈ ದೊಡ್ಡ ಕಾದಂಬರಿಯನ್ನು ತರಲು ಮುಂದಾದ. ಜನ ಮುಗಿಬಿದ್ದು ಓದುವುದನ್ನು ಕೀಳೆಂದು ಕಾಣುವವರ ಮಾತನ್ನೂ ನಂಬಬೇಡ. ನಮ್ಮ ಹಾವೇರಿ ಕಡೆಯ ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು, ಕನ್ನಡದಲ್ಲಿ ಕಾದಂಬರಿ ಓದುವ ರೂಢಿ ಹುಟ್ಟಿದ್ದರಲ್ಲಿ ಆ ನಡಿಗೆಯ ಪಾಲು ದೊಡ್ಡದು. ಆದರೆ ಅಭಿಮಾನಿ ತನಗೆ ಪ್ರಿಯವಾದ ಲೇಖಕನ ಎಲ್ಲವನ್ನೂ ಕಾಯಲು ನಿಲ್ಲುತ್ತಾನೆ, ವಿರೋಧಿ ಎಲ್ಲವನ್ನೂ ಕೆಡವಲು ನಿಲ್ಲುತ್ತಾನೆ. ಈ ಭರದಲ್ಲಿ ಇಬ್ಬರೂ ಪುಸ್ತಕ ತೆರೆಯುವುದನ್ನೇ ಮರೆಯುತ್ತಾರೆ. ಆ ದಿನ ಯಾರೋ, ಟೋಲ್ಕಿನ್‌ನಲ್ಲಿ ಒಳ್ಳೆಯವರು ಬರೀ ಒಳ್ಳೆಯವರು, ಕೆಟ್ಟವರು ಬರೀ ಕೆಟ್ಟವರು ಎಂದಾಗ ಬಹಳ ಮಂದಿ ತಲೆಯಾಡಿಸಿದರು. ಕೊನೆಗೆ ಬೆಂಕಿಯ ಬೆಟ್ಟದ ಅಂಚಿನಲ್ಲಿ ನಿಂತ ಫ್ರೋಡೊ ಉಂಗುರವನ್ನು ಎಸೆಯಲಾರೆನೆಂದು ತನ್ನದಾಗಿಸಿಕೊಳ್ಳುತ್ತಾನೆ, ಅದು ನಾಶವಾಗುವುದು ಅವನ ಬೆರಳು ಕಚ್ಚಿ ಕಸಿದುಕೊಂಡ ಗೊಲ್ಲಮ್, ಅಂದರೆ ಹಿಂದೆ ಆ ಉಂಗುರವನ್ನು ಇಟ್ಟುಕೊಂಡಿದ್ದವನು, ಕಾಲು ಜಾರಿ ಬಿದ್ದದ್ದರಿಂದ. ಆ ಪುಟವನ್ನು ಅಲ್ಲಿ ಓದಿದ್ದರೆ ವಾದ ಬೇರೆ ದಾರಿ ಹಿಡಿಯುತ್ತಿತ್ತು.

ಈಗ ನಿನ್ನ ಮುದುಕಿಯ ವಿಷಯ. ನಿನ್ನ ಕಥೆಯಲ್ಲಿ ಆ ಹುಡುಗಿಯನ್ನು ಕಂಡವರೆಲ್ಲ ಮೊದಲು ಕೇಳುವುದು ‘ಯಾರ ಮನಿಯಾಕಿ?’ ಎಂದು. ದೊರೆಯ ಆಳು ಕೇಳುತ್ತಾನೆ, ಜಾತ್ರೆಯ ಬಳೆಗಾರ ಕೇಳುತ್ತಾನೆ, ಮಾತಾಡುವ ತೋಳವೂ ಕೇಳುತ್ತದೆ. ಈ ಮುದುಕಿ ಒಬ್ಬಳೇ ಕೇಳುವುದಿಲ್ಲ. ತೊಯ್ದ ಕಂಬಳಿ ಹಿಂಡಿ ಒಲೆಯ ಮೇಲಿನ ಹಗ್ಗಕ್ಕೆ ಹಾಕಿ, ರೊಟ್ಟಿಯನ್ನು ಮುರಿದು ದೊಡ್ಡ ತುಂಡನ್ನು ಅವಳ ಮುಂದಿಟ್ಟು, ಕುರಿಗಳು ಎಷ್ಟು ಎಂದಷ್ಟೇ ಕೇಳುತ್ತಾಳೆ. ಆ ರಾತ್ರಿ ಇಲ್ಲದೆ ಹೋದರೆ, ಹನ್ನೊಂದನೆಯ ಅಧ್ಯಾಯದಲ್ಲಿ ತುಂಬಿದ ಸಭೆಯಲ್ಲಿ ತನ್ನ ಮನೆತನ ಹೇಳಲಾರೆನೆಂದು ನಿಲ್ಲುವ ಧೈರ್ಯ ಅವಳಿಗೆ ಎಲ್ಲಿಂದ ಬಂತೆಂದು ನನಗೆ ತಿಳಿಯಲಿಲ್ಲ. ಈ ಸಲ ಓದುವಾಗ ಅಲ್ಲಿಯೇ ಎಡವಿದೆ.

ಆ ಅಧ್ಯಾಯ ನಿಧಾನವೆಂದು ನಿನಗೆ ಅನ್ನಿಸಿದ್ದರಲ್ಲಿ ಹುರುಳಿಲ್ಲದಿಲ್ಲ. ಗಿಡಮೂಲಿಕೆಗಳ ಹೆಸರುಗಳು ಎರಡು ಪುಟ ಹರಿಯುತ್ತವೆ. ಅವು ನಿನ್ನ ಓಡಾಟದ ಫಲ, ನಿನಗೆ ಅವುಗಳ ಮೇಲೆ ಮಮತೆಯಿದೆ, ಆದರೆ ಮುದುಕಿಯ ಕೈಗೆ ಬರುವುದು ಅವುಗಳಲ್ಲಿ ಮೂರು ಮಾತ್ರ. ಹಳೆಯ ಪ್ರತಿ ನನ್ನ ಕಪಾಟಿನಲ್ಲಿತ್ತು. ಅದರಿಂದ ನಾಲ್ಕನೆಯ ಅಧ್ಯಾಯದ ಹಾಳೆಗಳನ್ನು ಬಿಚ್ಚಿ ಈ ಪತ್ರದ ಜೊತೆ ಕಳಿಸುತ್ತಿದ್ದೇನೆ, ಆ ಎರಡು ಪುಟಗಳಿಗೆ ಪೆನ್ಸಿಲಿನ ಗುರುತು ಹಾಕಿದ್ದೇನೆ. ಇಡುವುದೋ ಬಿಡುವುದೋ ನೀನೇ ನೋಡು, ಆದರೆ ಜೋರಾಗಿ ಓದಿ ನೋಡಿದ ಮೇಲೆ. ದಸರೆಗೆ ಇತ್ತ ಬರುವಾಗ ತಿದ್ದಿದ್ದನ್ನು ತೆಗೆದುಕೊಂಡು ಬಾ.

ನಿನ್ನ ಅಕ್ಕ